ನಾಲ್ಕನೆಯ ದಿನದ ಲಕೋಟೆ

ಕಳೆದ ವರ್ಷದವರೆಗೆ ನಮ್ಮ ಚಿಕ್ಕಮ್ಮನಿಗೆ ಹನ್ನೊಂದು ಮನೆಗಳಿದ್ದವು. ಒಂದೂ ಅವಳದಲ್ಲ. ಹೀಗೆಂದರೆ ಜನ ಒಗಟು ಎಂದುಕೊಳ್ಳುತ್ತಾರೆ. ಒಗಟೂ ಇಲ್ಲ, ಮಣ್ಣೂ ಇಲ್ಲ. ಪ್ರವಾಸಕ್ಕೆ ಹೊರಟವರ ಮನೆಯಲ್ಲಿದ್ದುಕೊಂಡು ಅವರ ನಾಯಿ, ಬೆಕ್ಕು, ಗಿಳಿ, ಮೀನುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಈ ವಾರ ಒಂದು ಊರು, ಬರುವ ವಾರ ಇನ್ನೊಂದು ಊರು. ಕೈಯಲ್ಲಿ ಒಂದು ಚಕ್ರದ ಪೆಟ್ಟಿಗೆ, ಕಂಕುಳಲ್ಲಿ ಒಂದು ದಿಂಬು. ತನ್ನ ದಿಂಬಿಲ್ಲದೆ ಅವಳಿಗೆ ನಿದ್ದೆ ಬಾರದು.

ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಒಂದು ಲಾಡ್ಜಿನ ಮುಂದಿನ ಮೇಜಿನಲ್ಲಿ ಕುಳಿತು ಬಂದವರಿಗೆ ಕೋಣೆಯ ಕೀಲಿ ಕೊಡುತ್ತಿದ್ದಳು. ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯನ್ನು ಅವಳಿಗೇ ಬಿಟ್ಟಿದ್ದರು. ಲಾಡ್ಜ್ ಮುಚ್ಚಿದ ದಿನ ಕೆಲಸವೂ ಹೋಯಿತು, ಸೂರೂ ಹೋಯಿತು. ಅಲ್ಲಿಗೆ ಬಂದು ಹೋಗಿ ಪರಿಚಯವಾಗಿದ್ದ ಹೆಂಗಸೊಬ್ಬರು, "ನನ್ನ ಬೆಕ್ಕನ್ನ ಒಂದು ವಾರ ನೋಡ್ಕೋತೀರಾ?" ಎಂದು ಕೇಳಿದರು. ಅಲ್ಲಿಂದ ಶುರು. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಬಿಡುವು ಬಿದ್ದರೆ ನಮ್ಮ ಮನೆಯ ಸೋಫಾ ಇತ್ತು. ಇನ್ನೆರಡು ದಿನ ಇರೇ ಎಂದು ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಚಿಕ್ಕಮ್ಮನ ಪೆಟ್ಟಿಗೆ ಬಾಗಿಲಲ್ಲಿರುತ್ತಿತ್ತು.

ಕೆಲಸದಲ್ಲಿ ಅವಳದು ಕಟ್ಟುನಿಟ್ಟು. ಮನೆಯ ಯಜಮಾನರು ಕೂರುವ ಕುರ್ಚಿಯಲ್ಲಿ ಅವಳು ಕೂರುವುದಿಲ್ಲ. ಮುಚ್ಚಿದ ಕಪಾಟು ತೆರೆಯುವುದಿಲ್ಲ. ನಾಯಿ ಇರುವ ಮನೆಯಲ್ಲಿ ತೊಟ್ಟು ಬಿಟ್ಟ, ಒಗೆಯದ ಅಂಗಿಯೊಂದನ್ನು ಕೇಳಿ ಇಟ್ಟುಕೊಳ್ಳುತ್ತಾಳೆ. ನಾಯಿಗೆ ಮನೆಯವರ ನೆನಪಾದಾಗ ಅದನ್ನು ಹಾಸುತ್ತಾಳೆ. ಒಮ್ಮೆ ಒಂದು ಮನೆಯ ಆಮೆ ಎರಡು ದಿನ ಕಾಣೆಯಾಗಿ, ಇವಳು ಊಟ ಬಿಟ್ಟು ಹುಡುಕಿ, ಕೊನೆಗೆ ಅದು ಚಪ್ಪಲಿ ಗೂಡಿನ ಹಿಂದೆ ಆರಾಮಾಗಿ ಸಿಕ್ಕಿತು. ಆಮೆಗೆ ಬೈದಳೋ ಇಲ್ಲವೋ ಗೊತ್ತಿಲ್ಲ, ಫೋನಿನಲ್ಲಿ ನನಗಂತೂ ಬೈದಳು.

ಅವಳ ಇನ್ನೊಂದು ಪದ್ಧತಿ ಲಕೋಟೆಯದು. ಊರಿಗೆ ಹೊರಟವರು ಕೊನೆಯ ಗಳಿಗೆಯಲ್ಲಿ ಒಂದು ಕಾಲು ಕಾರಿನೊಳಗಿಟ್ಟು ನೂರೆಂಟು ಸೂಚನೆ ಹೇಳುತ್ತಾರೆ. ಹಾಗೆ ಕೇಳಿಸಿಕೊಂಡು ಒಮ್ಮೆ ದಪ್ಪ ಬೆಕ್ಕಿನ ಮಾತ್ರೆಯನ್ನು ಸಣಕಲು ಬೆಕ್ಕಿಗೆ ಕೊಟ್ಟುಬಿಟ್ಟಿದ್ದಳು; ಅದು ಒಂದೂವರೆ ದಿನ ಮಲಗಿತು, ಇವಳು ಒಂದೂವರೆ ದಿನ ಅದರ ಮೂಗಿನ ಮುಂದೆ ಬೆರಳಿಟ್ಟು ಕೂತಳು. ಅಂದಿನಿಂದ ಹೊಸ ಕಾನೂನು ಬಂತು: ದಿನಕ್ಕೊಂದು ಲಕೋಟೆ. ಮನೆಯವರು ಒಂದು ವಾರ ಮೊದಲೇ ಯೋಚಿಸಿ, ಯಾವ ದಿನ ಏನು ಮಾಡಬೇಕೋ ಬರೆದು, ಮೇಲೆ ತಾರೀಖು ಹಾಕಿ, ಅಂಟಿಸಿ ಕೊಡಬೇಕು. ಇವಳು ಬೆಳಗಿನ ಟೀ ಕುಡಿಯುತ್ತ ಆ ದಿನದ್ದನ್ನಷ್ಟೇ ಒಡೆಯುತ್ತಾಳೆ. ಎಲ್ಲವನ್ನೂ ಮೊದಲೇ ಓದಿಟ್ಟುಕೊಂಡರೆ ಏನು ಗಂಟು ಹೋಗುತ್ತೆ ಎಂದು ನಾನು ಕೇಳಿದ್ದೆ. "ನಾಳೆದು ತಲೇಲಿ ಹೊಕ್ಕರೆ ಇವತ್ತಿಂದು ಕೆಡುತ್ತೆ ಕಣೇ. ಬರೆದವರನ್ನ ನಂಬಬೇಕು" ಎಂದಿದ್ದಳು. ನಂಬಬೇಕಂತೆ!

ಹನ್ನೊಂದು ಮನೆಗಳಲ್ಲಿ ಅವಳಿಗೆ ಹೆಚ್ಚು ಹತ್ತಿರವಾದದ್ದು ಕನ್ನಡಕದ ಅಂಗಡಿಯವರ ಮನೆ. ಗಂಡ, ಹೆಂಡತಿ, ಹನ್ನೆರಡು ವರ್ಷದ ಮಗಳು, ಮತ್ತು ದೊರೆ. ದೊರೆ ಎಂದರೆ ನಾಯಿ. ಕಂದು ಬಣ್ಣ, ಜೋಲು ಕಿವಿ, ಹದಿಮೂರು ವರ್ಷ. ಒಂಬತ್ತು ವರ್ಷಗಳಲ್ಲಿ ಚಿಕ್ಕಮ್ಮ ಆ ಮನೆಗೆ ಇಪ್ಪತ್ತು ಸಲವಾದರೂ ಹೋಗಿದ್ದಾಳೆ. ಅಂಗಡಿಯವನು ಅವಳನ್ನು ಅಕ್ಕಾ ಎನ್ನುತ್ತಿದ್ದ. ಮಗಳು ಪುಟ್ಟಿಗೆ ಅವಳು ಅತ್ತೆ. ಅವಳ ಓದುವ ಕನ್ನಡಕವನ್ನು ಅವನೇ ಕಣ್ಣು ಪರೀಕ್ಷಿಸಿ ಮಾಡಿಕೊಟ್ಟಿದ್ದ. "ನಮ್ಮನೆಯವರೇ ನೀವು, ಇದೇನು ಕೆಲಸ ಅನ್ಕೋಬೇಡಿ" ಎಂದು ಪ್ರತಿ ಸಲವೂ ಹೇಳುತ್ತಿದ್ದ. ಆ ಮಾತು ಕೇಳಿದಾಗಲೆಲ್ಲ ನನಗೆ ಏನೋ ಕಸಿವಿಸಿ. ಚಿಕ್ಕಮ್ಮನಿಗೆ ಮಾತ್ರ ಹಾಲು ಕುಡಿದಷ್ಟು ಸಂತೋಷ.

ಕಳೆದ ವರ್ಷ ಅವರು ಇಪ್ಪತ್ತು ದಿನ ಸಮುದ್ರ ತೀರಕ್ಕೆ ಹೊರಟರು. ದೊರೆಗೆ ಹಿಂಗಾಲು ನೋವು, ಒಂದು ಕಣ್ಣು ಮಂಜು. ಏಳುವಾಗ ನರಳುತ್ತಿದ್ದ. ಆದರೆ ಊಟದ ತಟ್ಟೆಯ ಸದ್ದಾದರೆ ಸಾಕು, ಮನೆಯ ಯಾವ ಮೂಲೆಯಲ್ಲಿದ್ದರೂ ಹಾಜರು. ಇಪ್ಪತ್ತು ಲಕೋಟೆಗಳನ್ನು ಅಂಗಡಿಯವನ ಹೆಂಡತಿ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟಳು. ಕೊಡುವಾಗ ಯಾಕೋ ಮುಖ ನೋಡಲಿಲ್ಲವಂತೆ. ಪುಟ್ಟಿ ನಾಯಿಯ ಕೊರಳು ತಬ್ಬಿ, "ಅತ್ತೆ ಹೇಳ್ದಂಗೆ ಕೇಳು, ಆಯ್ತಾ?" ಎಂದಳು. ಕಾರು ಹೊರಟಿತು.

ನಾಲ್ಕನೆಯ ದಿನ ಬೆಳಗ್ಗೆ ಟೀ ಕುಡಿಯುತ್ತ ಚಿಕ್ಕಮ್ಮ ಆ ದಿನದ ಲಕೋಟೆ ಒಡೆದಳು. ಆ ಕಾಗದವನ್ನು ನಾನೂ ಓದಿದ್ದೇನೆ, ಬಾಯಿಪಾಠವಾಗಿದೆ.

"ಅಕ್ಕಾ, ಇವತ್ತು ಹನ್ನೊಂದು ಗಂಟೆಗೆ ಪ್ರಾಣಿಗಳ ಡಾಕ್ಟರು ಬರುತ್ತಾರೆ. ಇಂಜೆಕ್ಷನ್ ಕೊಟ್ಟು ದೊರೆಯನ್ನು ನೋವಿಲ್ಲದ ಹಾಗೆ ಕಳಿಸಿಕೊಡುತ್ತಾರೆ. ಎಲ್ಲಾ ಮಾತಾಡಿದ್ದೇವೆ. ನಮ್ಮ ಕೈಲಿ ನೋಡಲು ಆಗುವುದಿಲ್ಲ. ನಿಮ್ಮ ತೊಡೆಯ ಮೇಲಾದರೆ ಅವನಿಗೂ ಧೈರ್ಯ. ನಿಮಗೆ ಪ್ರಾಣಿಗಳ ಅಭ್ಯಾಸ ಇದೆ. ಫೋನ್ ಮಾಡಬೇಡಿ, ಮೆಸೇಜೂ ಬೇಡ, ಪುಟ್ಟಿ ನಮ್ಮ ಫೋನ್ ನೋಡುತ್ತಾಳೆ. ಅವಳಿಗೆ ನಾವೇ ಹೇಳುತ್ತೇವೆ. ಅವನ ಹಾಸಿಗೆ, ತಟ್ಟೆ ಹೊರಗೆ ಹಾಕಿಬಿಡಿ. ಉಳಿದ ದಿನ ಆರಾಮಾಗಿರಿ."

ಚಿಕ್ಕಮ್ಮ ಎರಡು ಸಲ ಓದಿದಳು. ಆಮೇಲೆ ತನ್ನ ಕಾನೂನನ್ನು ಮೊದಲ ಸಲ ತಾನೇ ಮುರಿದು ಉಳಿದ ಹದಿನಾರು ಲಕೋಟೆಗಳನ್ನೂ ಒಡೆದಳು. ಐದನೆಯ ದಿನ: ಗಿಡಗಳಿಗೆ ನೀರು. ಆರನೆಯ ದಿನ: ಗಿಡಗಳಿಗೆ ನೀರು. ಇಪ್ಪತ್ತನೆಯದರವರೆಗೂ ಬರೀ ಗಿಡ, ನೀರು, ಒಂದು ಕಡೆ ಗ್ಯಾಸಿನವನು ಬರುತ್ತಾನೆಂದು. ದೊರೆಯ ಹೆಸರು ಎಲ್ಲೂ ಇಲ್ಲ. ಒಂದು ವಾರ ಮೊದಲೇ ಮೇಜಿನ ಮುಂದೆ ಕೂತು, ಐದನೆಯ ದಿನಕ್ಕೆ ನಾಯಿ ಇರುವುದಿಲ್ಲವೆಂದು ಲೆಕ್ಕ ಹಾಕಿ ಬರೆದಿದ್ದರು. ಆ ವಾರವೆಲ್ಲ ದೊರೆ ಅದೇ ಮೇಜಿನ ಕೆಳಗೆ ಮಲಗಿದ್ದನಲ್ಲ, ಎಂದು ಚಿಕ್ಕಮ್ಮ ನನಗೆ ಫೋನಿನಲ್ಲಿ ಹೇಳಿದಳು. ನನಗೆ ಮೈಯೆಲ್ಲ ಉರಿಯಿತು.

"ಬಿಟ್ಟು ಬಾ ಚಿಕ್ಕಮ್ಮ. ಬಾಗಿಲು ಹಾಕ್ಕೊಂಡು ಬಸ್ಸು ಹತ್ತು. ಅವರ ಪಾಪ ಅವರೇ ತೊಳ್ಕೊಳ್ಲಿ."

"ನಾನು ಬಂದ್ರೆ ಇವನ ಜೊತೆ ಯಾರಿರ್ತಾರೆ?"

ಹನ್ನೊಂದಕ್ಕೆ ಸರಿಯಾಗಿ ಡಾಕ್ಟರು ಬಂದರು. ಎಳೆ ವಯಸ್ಸಿನ ಹೆಂಗಸು, ಕೈಯಲ್ಲಿ ಚೀಲ, ಮುಖದಲ್ಲಿ ಆಗಲೇ ಸಂತಾಪ. "ಊಟ ಬಿಟ್ಟು ಒಂದು ವಾರ ಆಯ್ತಂತಲ್ಲ, ಪಾಪ" ಎನ್ನುತ್ತ ಒಳಗೆ ಕಾಲಿಟ್ಟರು. ಊಟ ಬಿಟ್ಟಿದ್ದ ದೊರೆ ಬಾಲವಾಡಿಸುತ್ತ ಬಂದು ಡಾಕ್ಟರ ಚೀಲಕ್ಕೆ ಮೂಗು ತೂರಿಸಿ, ಅಲ್ಲಿದ್ದ ಬಿಸ್ಕತ್ತಿನ ಪೊಟ್ಟಣ ಎಳೆದ. ಡಾಕ್ಟರು ಒಮ್ಮೆ ನಾಯಿಯನ್ನು, ಒಮ್ಮೆ ಚಿಕ್ಕಮ್ಮನನ್ನು ನೋಡಿದರು. ನೆಲದ ಮೇಲೆ ಕೂತು ಅರ್ಧ ಗಂಟೆ ಪರೀಕ್ಷೆ ಮಾಡಿದರು.

"ನನಗೆ ಹೇಳಿದ್ದೇ ಬೇರೆ. ಇವನಿಗೆ ಇರೋದು ಕೀಲು ನೋವು, ವಯಸ್ಸು. ಇದಕ್ಕೆಲ್ಲ ನಾನು ಆ ಸೂಜಿ ತೆಗೆಯಲ್ಲ. ಮಾತ್ರೆ ಬರ್ಕೊಡ್ತೀನಿ. ಮನೆಯವರಿಗೆ ನೀವೇ ಹೇಳ್ಬಿಡಿ."

ಹೇಳುವುದು ಹೇಗೆ? ಎರಡು ದಿನ ಅವರ ಫೋನ್ ಬಂದ್ ಆಗಿತ್ತು. ಅದರ ಮರುದಿನ ಅಂಗಡಿಯವನು ಎತ್ತಿದ. ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ, "ಬೇಡ ಅಕ್ಕಾ, ಏನೂ ಹೇಳ್ಬೇಡಿ. ಪುಟ್ಟಿ ಪಕ್ಕದಲ್ಲೇ ಇದ್ದಾಳೆ. ಆಗಿದ್ದು ಆಯ್ತು. ನಿಮ್ಮ ಉಪಕಾರ ಮರೆಯಲ್ಲ" ಎಂದು ಇಟ್ಟುಬಿಟ್ಟ. ಉಪಕಾರವಂತೆ, ಅದನ್ನು ಮರೆಯುವುದಿಲ್ಲವಂತೆ!

ಇಲ್ಲಿ ನಮ್ಮ ಚಿಕ್ಕಮ್ಮನ ದಡ್ಡತನವನ್ನೂ ಹೇಳಬೇಕು. ಅಷ್ಟಾದ ಮೇಲೂ ಅವಳು ಅವರನ್ನು ಬಿಟ್ಟುಕೊಡಲಿಲ್ಲ. ಪಾಪ, ಹೆದರಿ ಹೀಗೆ ಮಾಡಿದ್ದಾರೆ, ನಾಯಿ ಬದುಕಿರುವುದನ್ನು ನೋಡಿದರೆ ಕುಣಿದಾಡುತ್ತಾರೆ ಎಂದಳು. ಹೊತ್ತಿಗೆ ಸರಿಯಾಗಿ ಮಾತ್ರೆ ಕೊಟ್ಟಳು. ಬಿಸಿನೀರಿನ ಬಟ್ಟೆ ಹಿಂಡಿ ಹಿಂಗಾಲಿಗೆ ಶಾಖ ಕೊಟ್ಟಳು. ಹತ್ತನೆಯ ದಿನ ದೊರೆ ನರಳದೆ ಎದ್ದ. ಹದಿನೈದನೆಯ ದಿನ ಎರಡು ಮೆಟ್ಟಿಲು ತಾನೇ ಹತ್ತಿ, ಏನೋ ಘನಕಾರ್ಯ ಮಾಡಿದವನಂತೆ ಹಿಂದಿರುಗಿ ನೋಡಿದನಂತೆ. ಇಪ್ಪತ್ತನೆಯ ದಿನ ಬೆಳಗ್ಗೆ ಅವನಿಗೆ ಸ್ನಾನ ಮಾಡಿಸಿ, ಒರೆಸಿ, ಗೇಟಿನ ಹತ್ತಿರ ಕೂರಿಸಿಕೊಂಡು ತಾನೂ ಕೂತಳು.

ಕಾರಿನಿಂದ ಮೊದಲು ಇಳಿದದ್ದು ಪುಟ್ಟಿ. ದೊರೆಯನ್ನು ಕಂಡು ಚೀರಿದಳು. ಓಡಿ ಬಂದು ನೆಲಕ್ಕೆ ಬಿದ್ದು ತಬ್ಬಿಕೊಂಡಳು. ಆಮೇಲೆ ಕತ್ತೆತ್ತಿ ಕೇಳಿದಳು.

"ಅಪ್ಪಾ, ದೊರೆ ಲಾರಿ ಕೆಳಗೆ ಸಿಕ್ಕಿ ಸತ್ತೋದ ಅಂದ್ಯಲ್ಲ? ಅತ್ತೆ ಗೇಟ್ ಹಾಕೋದು ಮರೆತ್ರು, ಓಡಿಹೋದ ಅಂದ್ಯಲ್ಲ?"

ಅಲ್ಲಿಯವರೆಗೆ ಚಿಕ್ಕಮ್ಮ ಅವರನ್ನು ಹೇಡಿಗಳು ಎಂದುಕೊಂಡಿದ್ದಳು, ಅಷ್ಟೇ. ಸಾಯಿಸುವ ಕೆಲಸವನ್ನು ಅವಳ ತೊಡೆಗೆ ಹಾಕಿದ್ದು ಸಾಲದೆಂದು ತಪ್ಪಿನ ಗೂಬೆಯನ್ನೂ ಅವಳ ತಲೆಯ ಮೇಲೇ ಕೂರಿಸಿದ್ದರು. ಒಂಬತ್ತು ವರ್ಷ ಒಂದು ಕಿಟಕಿಯನ್ನೂ ತೆರೆದಿಟ್ಟು ಮಲಗದವಳು ಗೇಟು ಮರೆತಳಂತೆ. ಅದಕ್ಕೇ ಫೋನು ಬೇಡವಾಗಿತ್ತು. ಅಕ್ಕ, ಅತ್ತೆ, ನಮ್ಮನೆಯವರು, ಎಲ್ಲವೂ ಇದಕ್ಕೇ.

ಹೆಂಡತಿ ಪೆಟ್ಟಿಗೆ ಇಳಿಸುವ ನೆಪದಲ್ಲಿ ಕಾರಿನ ಹಿಂದೆ ಸರಿದಳು. ಅಂಗಡಿಯವನು ಮಾತ್ರ ಬೇಗ ಸುಧಾರಿಸಿಕೊಂಡ.

"ಅತ್ತೇನೇ ಫೋನಲ್ಲಿ ಹಾಗೆ ಹೇಳಿದ್ರು ಪುಟ್ಟಿ. ಗಾಬರೀಲಿ ಬೇರೆ ನಾಯಿ ನೋಡಿರ್ಬೇಕು. ಅಲ್ವಾ ಅಕ್ಕಾ?"

ಮುಖದ ಮುಂದೆಯೇ ಎರಡನೆಯ ಸುಳ್ಳು. ನಾನಲ್ಲಿದ್ದಿದ್ದರೆ ಅವನ ಕನ್ನಡಕ ಅವನ ಮೂಗಿನ ಮೇಲೆ ಉಳಿಯುತ್ತಿರಲಿಲ್ಲ. ಕಾಗದ ಚಿಕ್ಕಮ್ಮನ ಪೆಟ್ಟಿಗೆಯಲ್ಲೇ ಇತ್ತು. ತೆಗೆದು ಆ ಮಗುವಿನ ಕೈಗೆ ಕೊಟ್ಟಿದ್ದರೆ ಮುಗಿದೇ ಹೋಗುತ್ತಿತ್ತು. ಪುಟ್ಟಿ ನಾಯಿಯ ಕೊರಳು ಬಿಡದೆ ಇವಳನ್ನೇ ನೋಡುತ್ತಿದ್ದಳು.

"ಹೌದು ಪುಟ್ಟಿ" ಎಂದಳು ಚಿಕ್ಕಮ್ಮ. "ಗೇಟು ನಾನೇ ಹಾಕಿರ್ಲಿಲ್ಲ. ರಸ್ತೇಲಿ ಯಾವುದೋ ನಾಯಿ ನೋಡಿ ಇವನೇ ಅನ್ಕೊಂಡ್ಬಿಟ್ಟೆ."

"ಮತ್ತೆ ಇವನು ಸಿಕ್ಕಿದ್ಮೇಲೆ ಯಾಕೆ ಹೇಳ್ಲಿಲ್ಲ? ದಿನಾ ಅಳ್ತಿದ್ದೆ ನಾನು. ದಿನಾ!"

ಪುಟ್ಟಿ ನಾಯಿಯನ್ನು ಕರೆದುಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮನೆಯ ಕೀಲಿಗಳನ್ನು ಕೊಡುವಾಗ ಚಿಕ್ಕಮ್ಮ ಅಂಗಡಿಯವನಿಗೆ ಇಷ್ಟೇ ಹೇಳಿದಳು: "ನೀವು ಬರೆದಿದ್ದ ಕಾಗದ ನನ್ನ ಹತ್ರ ಇದೆ. ದೊರೆ ತಾನಾಗಿ ಕಣ್ಮುಚ್ಚೋವರೆಗೂ ಅದನ್ನ ಪುಟ್ಟಿಗೆ ತೋರಿಸಲ್ಲ. ಅದಕ್ಕೆ ಮುಂಚೆ ನೀವೇನಾದ್ರೂ ಮಾಡಿದ್ರೆ ಅವಳ ಕೈಗೇ ಕೊಡ್ತೀನಿ." ಅವನು ತಲೆಯಾಡಿಸಿದ. ಆಮೇಲೆ, "ಇಷ್ಟು ದೊಡ್ಡದು ಮಾಡೋ ಅಗತ್ಯ ಇರ್ಲಿಲ್ಲ ಅಕ್ಕಾ" ಎಂದನಂತೆ. ಆಗಲೂ ಅಕ್ಕ!

ಇಂಥ ಕೆಲಸಕ್ಕೆ ಜನ ಬರುವುದು ಒಬ್ಬರಿಂದೊಬ್ಬರಿಗೆ ಮಾತು ಹೋಗಿ. ಮಾತು ಹೋಯಿತು. ಪುಟ್ಟಿ ಶಾಲೆಯಲ್ಲಿ ಹೇಳಿದಳು, ಅವಳ ಗೆಳತಿಯರು ಮನೆಯಲ್ಲಿ ಹೇಳಿದರು. ಎರಡು ತಿಂಗಳಲ್ಲಿ ಗಿಳಿಯ ಮನೆಯವರು ಈ ಸಲ ನೆಂಟರು ಬರುತ್ತಾರೆಂದರು. ಆಮೆಯವರು ಫೋನೇ ಎತ್ತಲಿಲ್ಲ. ಹನ್ನೊಂದು ಮನೆ ನಾಲ್ಕಾಯಿತು, ನಮ್ಮ ಸೋಫಾ ಖಾಯಂ ಆಯಿತು. ಆ ಕಾಗದವನ್ನು ಎಲ್ಲರಿಗೂ ತೋರಿಸು ಎಂದು ನಾನು ಜಗಳವಾಡಿದೆ. ಎರಡು ದಿನ ಮಾತು ಬಿಟ್ಟೆ. "ತೋರಿಸಿದ್ರೆ ಅವರಿಗೆ ಇನ್ನೇನು ಹೆದರಿಕೆ ಉಳಿಯುತ್ತೆ? ದೊರೆ ಇದ್ದಾನಲ್ಲೇ, ಬಿಡು" ಎಂಬುದೇ ಅವಳ ಉತ್ತರ. ಮೋಸ ಎಂಬ ಪದ ಅವಳ ಬಾಯಿಂದ ಬರಲೇ ಇಲ್ಲ. ಆ ಪದವನ್ನು ಅವಳ ಪರವಾಗಿ ನಾನೇ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದೆ.

ಎಂಟು ತಿಂಗಳು ಕಳೆದವು. ಒಂದು ಸಂಜೆ ಅವಳೂ ನಾನೂ ಕನ್ನಡಕದ ಅಂಗಡಿಯವರ ಊರಿನ ಪೇಟೆಯಲ್ಲಿ ನಡೆಯುತ್ತಿದ್ದೆವು. ಉಳಿದ ನಾಲ್ಕು ಮನೆಗಳಲ್ಲಿ ಒಂದು ಅಲ್ಲೇ ಇತ್ತು. ಎದುರಿನಿಂದ ಪುಟ್ಟಿ ಬರುತ್ತಿದ್ದಳು. ಎತ್ತರವಾಗಿದ್ದಳು. ಪಕ್ಕದಲ್ಲಿ ದೊರೆ. ಅವನ ಮಂಜುಗಣ್ಣಿಗೆ ನಾವು ಕಾಣಿಸಿರಲಾರೆವು, ಮೂಗಿಗೆ ಸಿಕ್ಕಿರಬೇಕು. ಮೂತಿ ಮುಂದೆ ಚಾಚಿ, ಇಡೀ ಮೈ ಅಲ್ಲಾಡಿಸುತ್ತ ನಮ್ಮ ಕಡೆಗೆ ಎಳೆಯತೊಡಗಿದ. ಪುಟ್ಟಿ ತಲೆಯೆತ್ತಿ ಚಿಕ್ಕಮ್ಮನನ್ನು ನೋಡಿದಳು. ಹಗ್ಗವನ್ನು ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಳು.

"ಬೇಡ ದೊರೆ, ಬಾ" ಎಂದಳು. "ಅವರ ಹತ್ರ ಹೋಗ್ಬೇಡ. ಅವರು ನಿನ್ನ ಸಾಯಿಸಿಬಿಡ್ತಿದ್ರು."

ಎಳೆದುಕೊಂಡು ರಸ್ತೆ ದಾಟಿದಳು. ದೊರೆ ಆಚೆ ಬದಿಯಿಂದಲೂ ತಿರುಗಿ ತಿರುಗಿ ನೋಡುತ್ತಿದ್ದ. ನಾನು ಪುಟ್ಟಿಯನ್ನು ಕೂಗಲು ಹೋದೆ. ಚಿಕ್ಕಮ್ಮ ನನ್ನ ರಟ್ಟೆ ಹಿಡಿದಳು.

"ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದ್ದಾಳೆ ನೋಡು. ಇನ್ನು ಅವನಿಗೆ ಭಯ ಇಲ್ಲ" ಎಂದಳು.

ಹತ್ತು ಹೆಜ್ಜೆ ನಡೆದಳು. ಆಮೇಲೆ ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಮುಖ ಮುಚ್ಚಿಕೊಂಡು, "ನನಗೆ ಮೋಸ ಮಾಡಿದ್ರು ಕಣೇ" ಎಂದಳು. ಎಂಟು ತಿಂಗಳು ಅವಳ ಬಾಯಿಂದ ಆ ಮಾತು ಬರಲಿ ಎಂದು ಕಾದಿದ್ದವಳು ನಾನು. ಬಂದಾಗ ಅವಳ ಪಕ್ಕದಲ್ಲಿ ಕೂರುವುದು ಬಿಟ್ಟು ನನಗೇನೂ ತೋಚಲಿಲ್ಲ.