ನಮ್ಮ ಹಾವು, ಅವರ ನವಿಲು

ಶಂಶಾಬಾದಿನ ಆಚೆ ಅಣ್ಣನೂ ನಾನೂ ಒಂದೇ ದಿನ ಅಕ್ಕಪಕ್ಕದಲ್ಲಿ ಸೈಟು ಹಿಡಿದಿದ್ದೆವು. ಅಣ್ಣನದು ಅಬಿಡ್ಸ್‌ನಲ್ಲಿ ಪುಸ್ತಕದಂಗಡಿ. ಊರಿಗೆ ಊರೇ ಕಂಪ್ಯೂಟರ್ ಕಲಿಯಲು ಹೊರಟ ಕಾಲ ಅದು. ದಿಂಬಿನಷ್ಟು ದಪ್ಪದ ಕಂಪ್ಯೂಟರ್ ಪುಸ್ತಕಗಳು ಬಿಸಿ ಮಿರ್ಚಿಯ ಹಾಗೆ ಖರ್ಚಾದವು. ಅವನ ಸೈಟಿನಲ್ಲಿ ಎರಡಂತಸ್ತಿನ ಮನೆ ಎದ್ದಿತು. ರೈಲ್ವೆ ಗುಮಾಸ್ತನಾದ ನಾನು ಮಲ್ಕಾಜ್‌ಗಿರಿಯ ಬಾಡಿಗೆ ಮನೆಯಲ್ಲೇ ಉಳಿದೆ. ನನ್ನ ಸೈಟಿನಲ್ಲಿ ಎದ್ದದ್ದು ಬಳ್ಳಾರಿ ಜಾಲಿ.

ಮನೆಯ ಹೊಟ್ಟೆಕಿಚ್ಚನ್ನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ನವಿಲು. ಅದು ಇರುವುದು ನನ್ನ ಜಾಲಿಯಲ್ಲಿ. ಸಂಜೆ ಚಹಾದ ಹೊತ್ತಿಗೆ ಸರಿಯಾಗಿ ಅಣ್ಣನ ಮಾಳಿಗೆಗೆ ಹಾರಿ ಗರಿ ಬಿಚ್ಚುತ್ತಿತ್ತು. ಅಣ್ಣನ ಹೆಂಡತಿ, ನಮ್ಮ ವೈನಿ, ಬಂದವರಿಗೆಲ್ಲ "ನಮ್ಮ ನವಿಲು ನೋಡ್ರಿ" ಎಂದು ತೋರಿಸುವರು. ಅದೇ ಜಾಲಿಯಿಂದ ನಾಗರಹಾವೊಂದು ಅವರ ಬಚ್ಚಲು ಹೊಕ್ಕ ದಿನ ಮಾತ್ರ ಫೋನು ನನಗೆ ಬಂತು.

"ತಮ್ಮಾ, ನಿಮ್ಮ ಹಾವು ನಮ್ಮ ಬಚ್ಚಲದಾಗ ಕುಂತೈತಿ."

"ನಾ ಏನ್ ಹೇಳಿ ಕಳ್ಸೀನೇನ್ರಿ ವೈನಿ?"

"ಜಾಗಾ ನಿಂದಾದ್ರ ಅದರಾಗಿನ ಹಾವೂ ನಿಂದ."

"ಪಂಚಮಿಗೆ ಅಲ್ಲೇ ಹುತ್ತಕ್ಕ ಹಾಲೆರ್ಯಾಕ ಬಂದಾಗ ನಮ್ಮ ನಾಗಪ್ಪ ಅಂದಿದ್ರಿ."

"ಅವತ್ತ ನಾನ ಅವನ ಮನಿಗೆ ಹೋಗಿದ್ನೆಪ್ಪಾ. ಇವತ್ತ ಅವ ನಮ್ಮ ಮನಿಗೆ ಬಂದಾನ."

"ಹಂಗಾದ್ರ ನವಿಲೂ ನಮ್ಮ ಜಾಗದ್ದ ಅಲ್ರಿ?"

"ಅದು ಯಾರ ಮನ್ಯಾಗ ಕುಣಿತೈತೋ ಅವರದು."

ಹಾವು ಹಿಡಿಯುವವರು ಬಂದು ಹಾವನ್ನು ಒಯ್ದರು. ಪೊದೆ ಕಡಿಸುವುದು ಸೈಟಿನ ಮಾಲೀಕನ ಹೊಣೆ ಎಂದು ಲೇಔಟಿನವರೂ ಹೇಳಿದರು. ನ್ಯಾಯವೇ, ಬಚ್ಚಲಿಗೆ ದಿನವೂ ಕಾಲಿಡಬೇಕಾದವರು ವೈನಿ. ಆದರೆ ಜಾಲಿ ಹೋದರೆ ನವಿಲೂ ಹೋಗುತ್ತದೆ. ಕುಣಿಯುವುದು ಅಲ್ಲಾದರೂ ಮಲಗುವುದು ನನ್ನಲ್ಲಿ ಎಂಬುದೊಂದೇ ನನ್ನ ಪಾಲಿನ ಜಂಬ. ಇರಲಿ, ಹೋದರೆ ಇಬ್ಬರಿಗೂ ಹೋಗಲಿ ಎಂದುಕೊಂಡು ಭಾನುವಾರ ಜೆಸಿಬಿ ತರಿಸಿದೆ. ಹುತ್ತವೊಂದನ್ನು ಬಿಟ್ಟು ಉಳಿದದ್ದೆಲ್ಲ ಬಯಲಾಯಿತು.

ಎರಡು ದಿನ ನವಿಲು ಕಾಣಲಿಲ್ಲವಂತೆ. ಆಮೇಲೆ ವೈನಿಯ ಫೋನು.

"ತಮ್ಮಾ, ನವಿಲು ಈಗ ನಮ್ಮ ಬೇವಿನ ಗಿಡದಾಗ ವಸ್ತಿ ಮಾಡೈತಿ. ದಿನಾ ಜ್ವಾಳ ಹಾಕಾಕತ್ತೀನಿ. ಭಾಳ ಛಲೋ ಆತು ನೋಡು, ನೀ ಜಾಲಿ ತಗಸಿದ್ದು."

"ಛಲೋ ಆತ್ರಿ ವೈನಿ. ಇನ್ನ ಅದು ಯಾರ ಹಿತ್ತಲದಾಗ ಮೆಣಸಿನ ಸಸಿ ಕಿತ್ತರೂ ಬೈಗಳ ನಿಮಗ ಬರ್ತಾವ."

"ಬರ್ಲಿ ಬಿಡು. ನಮ್ಮ ನವಿಲಲ್ಲ?"

ಫೋನಿಟ್ಟೆ. ಹೊಟ್ಟೆ ಮಾತ್ರ ತಣ್ಣಗಾಗಲಿಲ್ಲ.