ಪೂಜೆಗೆ ಕೂತ ತಗಡಿನ ಡಬ್ಬಿ

ಏ, ಜಿಗಣಿ ಸರ್ಕಲ್‌ನಲ್ಲಿ ಬಸ್ಸಿಗೆ ಕಾದು ನಿಂತವರೇ! ಮೂರು ದಿನ ರಜೆ ಅಂತ ಬ್ಯಾಗು ಹೆಗಲಿಗೇರಿಸಿದವರೇ! ಬಸ್ಸು ಬರಲು ಇನ್ನೂ ಹೊತ್ತಿದೆ, ಇತ್ತ ಕಿವಿ ಕೊಡಿ. ಊರಿಗೆ ಹೋಗದೆ ಇಲ್ಲೇ ಉಳಿದ ದಾನೇಶ್ವರಿಯ ಒಂದು ಶನಿವಾರದ ಕಥೆ ಇದು.

ದಾನೇಶ್ವರಿ ದೇವದುರ್ಗದ ಕಡೆಯವಳು, ಇಪ್ಪತ್ತನಾಲ್ಕು ವರ್ಷ. ಬೈಕಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯಲ್ಲಿ ಅಳತೆ ನೋಡುವ ಕೆಲಸ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹಿಡಿದುಬಿಡುತ್ತಾಳೆಂದು ಎಲ್ಲರೂ ಅವಳನ್ನು ಸಿಬಿಐ ಎನ್ನುತ್ತಿದ್ದರು. ಆದರೆ ಅವಳು ಮನಸ್ಸಿನ ಡಾಕ್ಟರು ಬರೆದುಕೊಟ್ಟ ಗುಳಿಗೆ ತಗೊಳ್ಳುತ್ತಾಳೆ, ಮಧ್ಯಾಹ್ನದ ಊಟದ ಮೇಲೆ ದಿನಕ್ಕೊಂದು, ಅನ್ನುವುದನ್ನು ಮಾತ್ರ ಯಾರೂ ಹಿಡಿದಿರಲಿಲ್ಲ. ರೂಮಿನಲ್ಲಿಟ್ಟರೆ ಜೊತೆಗಿರುವ ಊರ ಹುಡುಗಿಯರು ನೋಡುತ್ತಾರೆ, ಊರಲ್ಲಿ ಅವ್ವ ನೋಡಿಟ್ಟ ಗಂಡಿನ ಕಡೆಯವರ ತನಕ ಸುದ್ದಿ ಹೋಗುತ್ತದೆ. ಅದಕ್ಕೇ ಗುಳಿಗೆ, ಚೀಟಿ ಎರಡನ್ನೂ ಫ್ಯಾಕ್ಟರಿಯಲ್ಲೇ ಇರುವ ಅಳತೆ ಸಾಮಾನಿನ ತಗಡಿನ ಡಬ್ಬಿಯಲ್ಲಿ, ಬಟ್ಟೆಯ ಅಡಿಗೆ ಇಟ್ಟಿದ್ದಳು.

ಆಯುಧಪೂಜೆಯ ದಿನ ಆ ಡಬ್ಬಿಯೂ ಆಯುಧವೇ ಎಂದು ಅವಳಿಗೆ ಹೊಳೆಯಲಿಲ್ಲ. ಶುಕ್ರವಾರ ಬೆಳಗ್ಗೆ ಅವಳು ಪುರಿ, ಬೂಂದಿ ಪೊಟ್ಟಣ ಕಟ್ಟುತ್ತ ಕೂತಿದ್ದಾಗ ಸೂಪರ್‌ವೈಸರ್ ಈಶಪ್ಪ ಎಲ್ಲರ ಡಬ್ಬಿಗಳನ್ನೂ ದೊಡ್ಡ ಪ್ರೆಸ್ ಯಂತ್ರದ ಮುಂದೆ ಸಾಲಾಗಿ ಜೋಡಿಸಿ, ಕುಂಕುಮ ಹಚ್ಚಿ, ಬೂದುಗುಂಬಳ ಒಡೆಸಿ, ಶಟರ್ ಎಳೆಸಿದ. ಪೂಜೆಗಿಟ್ಟದ್ದನ್ನು ಇನ್ನು ಎತ್ತುವುದು ಸೋಮವಾರವೇ. ಅವಳಿಗೆ ನೆನಪಾದಾಗ ಶಟರ್‌ಗೆ ಬೀಗ ಬಿದ್ದಿತ್ತು, ಎಲ್ಲರೆದುರು ಕೇಳುವ ಹಾಗೂ ಇರಲಿಲ್ಲ.

ಬೇಸಿಗೆಯಲ್ಲೊಮ್ಮೆ, ಚೆನ್ನಾಗಿದ್ದೇನಲ್ಲ ಎಂದು ಅವಳೇ ಗುಳಿಗೆ ಬಿಟ್ಟಿದ್ದಳು. ಕೆಲವೇ ದಿನಕ್ಕೆ ಕೆರೆ ಏರಿಯ ಮೇಲೆ ಬರಿಗಾಲಲ್ಲಿ ನಿಂತಿದ್ದಳು. ಅಲ್ಲಿಗೆ ಹೇಗೆ ಬಂದಳೆಂದು ಅವಳಿಗೇ ಗೊತ್ತಿಲ್ಲ. ಯಾರೋ ಕುರಿ ಕಾಯುವವನು ಕೂಗಿ ಕರೆದದ್ದಷ್ಟೇ ನೆನಪು.

ಶನಿವಾರ ಎದ್ದಾಗ ಎದೆಯ ಮೇಲೆ ಕಲ್ಲು ಹೇರಿದಂತಿತ್ತು. ರೂಮಿನ ಹುಡುಗಿಯರು ದಸರೆಗೆ ಊರಿಗೆ ಹೋಗಿದ್ದರು. ಅವಳು ನೇರ ಫ್ಯಾಕ್ಟರಿ ಗೇಟಿಗೆ ನಡೆದಳು. ಕಾವಲಿಗಿದ್ದವನು ಬೈರಪ್ಪ, ಪಕ್ಕದ ಹಳ್ಳಿಯ ಮುದುಕ, ಫ್ಯಾಕ್ಟರಿ ಎದ್ದಿರುವ ಈ ನೆಲದಲ್ಲೇ ಹಿಂದೆ ರಾಗಿ ಬೆಳೆದವನು.

"ಏನವ್ವ ಸಿಬಿಐ, ರಜಾ ದಿನಾನೂ ರೈಡಾ?" ಎಂದ.

ಗುಳಿಗೆಯ ಹೆಸರೆತ್ತದೆ, ಡಬ್ಬಿಯಲ್ಲಿ ಚಾರ್ಜರ್ ಉಳಿದುಬಿಟ್ಟಿದೆ ಎಂದುಬಿಟ್ಟಳು. ಬೈರಪ್ಪ ನಕ್ಕು, ಶೆಡ್ಡಿನಿಂದ ತನ್ನ ಚಾರ್ಜರನ್ನೇ ತಂದು ಅವಳ ಕೈಗಿಟ್ಟ. ಪೂಜೆಗೆ ಕೂತ ಸಾಮಾನನ್ನು ಅಲ್ಲಾಡಿಸಬಾರದಂತೆ, ಸೋಮವಾರ ವಾಪಸು ಕೊಟ್ಟರೆ ಸಾಕಂತೆ. ತನ್ನ ಫೋನಿಗೆ ಹೊಂದದ ಆ ಚಾರ್ಜರ್ ಹಿಡಿದು ಅವಳು ಹಿಂತಿರುಗಿದಳು. ಬೇಡ ಎನ್ನಲು ಸುಳ್ಳೇ ದಾರಿ ಬಿಡಲಿಲ್ಲ.

ಮೆಡಿಕಲ್ ಶಾಪಿನ ಶೋಭಾರಾಣಿ ಗುಳಿಗೆಯ ಹೆಸರು ಕೇಳಿದ ಕೂಡಲೇ ಅವಳನ್ನು ಮೇಲಿಂದ ಕೆಳಗೆ ನೋಡಿ, ಚೀಟಿ ಇಲ್ಲದೆ ಇದನ್ನು ಕೊಡೋ ಹಾಗಿಲ್ಲಮ್ಮ ಎಂದಳು. ಅಲ್ಲಿಂದ ಆಸ್ಪತ್ರೆಗೆ ಹೋದರೆ ಕೈಕಾಲು ಮುರಿದವರು ಸಾಲಾಗಿ ಮಲಗಿದ್ದರು. ಮನಸ್ಸಿನ ಡಾಕ್ಟರು ಸೋಮವಾರ ಬರುತ್ತಾರೆ ಎಂದು ನರ್ಸು ಓಡುತ್ತಲೇ ಹೇಳಿಹೋದಳು. ಹೊರಗೆ ಬಂದು ಕೂತಾಗ ಅವ್ವ ಹೊಳೆವ್ವನ ಫೋನು ಬಂತು. ಬನ್ನಿ ಮುಡಿದದ್ದು, ಹೋಳಿಗೆ ಮಾಡಿದ್ದು, ಗಂಡಿನ ಕಡೆಯವರು ದೀಪಾವಳಿಗೆ ಬರುವುದು, ಎಲ್ಲ ಹೇಳಿದಳು. ನೀ ಹೆಂಗದಿ ಎಂದು ಕೇಳಿದಾಗ ಅರಾಮದೀನಿ ಎಂಬ ಮಾತು ಬಾಯಿಂದ ತಾನಾಗಿ ಬಂತು.

ಸಂಜೆ ನಾಲ್ಕಾಯಿತು. ರೂಮಿಗೆ ಹೋದರೆ ಒಬ್ಬಳೇ. ಮತ್ತೆ ಗೇಟಿಗೇ ಬಂದಳು.

"ಅಜ್ಜಾ, ಚಾರ್ಜರ್ ಅಲ್ಲ. ಆ ಡಬ್ಬ್ಯಾಗ ನನ್ನ ತಲಿ ಗುಳಿಗಿ ಅದಾವ. ಅವು ಇಲ್ಲಂದ್ರ ನನ್ನ ಕೈಯಾಗ ನಾ ಇರಂಗಿಲ್ಲ."

ಬೈರಪ್ಪ ತಕ್ಷಣ ಫೋನು ಕೈಗೆತ್ತಿಕೊಂಡ. ಶಟರ್ ಕೀಲಿ ಓನರ್ ಹತ್ತಿರ, ಓನರ್ ತಿರುಪತಿಯಲ್ಲಿ. ಆರು ಸಲ ಫೋನ್ ಮಾಡಿದ, ಸ್ವಿಚ್ ಆಫ್. ಈಶಪ್ಪನಿಗೆ ಮಾಡಿದ, ಅವನು ಎತ್ತಲಿಲ್ಲ. ಎದ್ದು ಹೋಗಿ ಶಟರ್ ಬೀಗವನ್ನು ಎರಡು ಸಲ ಜಗ್ಗಿ ಬಂದ.

"ಇಷ್ಟು ವರ್ಸ ಕಾವ್ಲು ಕಾದೆ ಕಣವ್ವ. ಒಂದ್ ಗುಳ್ಗೆ ಈಚೆಗ್ ತರಕ್ಕಾಗ್ಲಿಲ್ಲ ನನ್ ಕೈಲಿ."

ಪಾಳಿ ಮುಗಿದ ಮೇಲೆ ಅವಳನ್ನು ತನ್ನ ಮನೆಗೇ ಕರೆದೊಯ್ದ. ಹೆಂಡತಿ ಸಿದ್ದಕ್ಕ ಕಥೆಯೆಲ್ಲ ಕೇಳಿ ಗಂಡನನ್ನೇ ಬೈದಳು, ಬೀಗ ಕಾಯೋನಿಗೆ ಕೀಲಿ ಇಲ್ದಿದ್ ಮೇಲೆ ಅದ್ಯಾವ ಸೀಮೆ ಕೆಲಸ ಅಂತ. ಹಳ್ಳಿಯ ಕೊನೆ ಬಸ್ಸು ಹೋಗಿಯಾಗಿತ್ತು, ಬೆಳಗ್ಗೆ ಮೊದಲ ಬಸ್ಸಿಗೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗೋಣ ಎಂದ ಬೈರಪ್ಪ. ಅಲ್ಲಿ ಯಾರಾದರೂ ಇದ್ದೇ ಇರುತ್ತಾರಂತೆ. ಇದ್ದರೂ ಇರಬಹುದು, ಆದರೆ ಬೆಳಗಾಗಲು ಇನ್ನೂ ಒಂಬತ್ತು ತಾಸಿತ್ತು. ದಾನೇಶ್ವರಿ ಮುದ್ದೆಯಲ್ಲಿ ಎರಡು ತುತ್ತು ತಿಂದು ತಟ್ಟೆ ಸರಿಸಿದಳು.

ಸಿದ್ದಕ್ಕ ಬಾಗಿಲ ಬಳಿ ಅವಳಿಗೆ ಚಾಪೆ ಹಾಸಿದಳು, ಗಾಳಿ ಬರಲಿ ಎಂದು. ದಾನೇಶ್ವರಿ ಚಾಪೆಯನ್ನು ಗೋಡೆಯ ಕಡೆಗೆ ಎಳೆದುಕೊಂಡಳು.

"ಅಕ್ಕಾ, ಬಾಗ್ಲ ಕಡಿ ನೀವ್ ಮಲಕ್ಕೋರಿ. ನಾ ಎದ್ದೆ ಅಂದ್ರ ನಿಮಗ ಎಚ್ಚರ ಆಗಬೇಕು."

ಸಿದ್ದಕ್ಕ ಬಾಗಿಲಿಗೆ ಅಡ್ಡ ಮಲಗಿದಳು. ದಾನೇಶ್ವರಿ ತನ್ನ ವೇಲಿನ ಒಂದು ತುದಿಯನ್ನು ಸೊಂಟಕ್ಕೆ ಗಂಟು ಹಾಕಿಕೊಂಡು, ಇನ್ನೊಂದು ತುದಿಯನ್ನು ಸಿದ್ದಕ್ಕನ ಅಂಗೈಯಲ್ಲಿಟ್ಟು, ಗೋಡೆಯ ಕಡೆ ತಿರುಗಿ ಮಲಗಿದಳು.