ನಡುವಿನ ತಕ್ಕಡಿ

ಹಗ್ಗದ ಎರಡೂ ತುದಿಗಳನ್ನು ಐವತ್ತೈವತ್ತು ನ್ಯೂಟನ್ ಬಲದಿಂದ ಜಗ್ಗಿದರೆ ಹಗ್ಗದಲ್ಲಿನ ಬಿಗಿತ ಎಷ್ಟು? ನಮ್ಮ ಹೆಡ್‌ಮಾಸ್ತರರು ಬರೆದುಕೊಟ್ಟ ಉತ್ತರಪಟ್ಟಿಯಲ್ಲಿ 'ನೂರು' ಎಂದಿತ್ತು. ವಿಜ್ಞಾನ ಕಲಿಸುವ ನಾನೂ ತಲೆ ಓಡಿಸಲಿಲ್ಲ. 'ಐವತ್ತು' ಎಂದು ಬರೆದ ಒಬ್ಬಳೇ ಹುಡುಗಿಗೆ ಸೊನ್ನೆ ಹಾಕಿದೆ. ಆ ಎರಡು ಅಂಕ ಹೋದದ್ದಕ್ಕೇ ಅವಳು ವಿಜ್ಞಾನ ಸ್ಪರ್ಧೆಯ ಪಟ್ಟಿಯಿಂದ ಹೊರಗುಳಿದಳು.

ಮರುದಿನ ಹೊನವಾಡದ ಬಸ್ಸಿನಲ್ಲಿ ಅವಳ ತಾಯಿ ಶಾಲೆಗೆ ಬಂದರು. ದ್ರಾಕ್ಷಿ ತೋಟದಲ್ಲಿ ಬಳ್ಳಿ ಹಬ್ಬಿಸುವ ಚಪ್ಪರದ ತಂತಿ ಬಿಗಿಯುವ ಕೆಲಸ ಅವರದು.

"ಸರ, ತಂತಿ ಒಂದ್ ತುದಿ ಕಲ್ಲಿನ ಕಂಬಕ್ಕ ಕಟ್ಟಿ ಇನ್ನೊಂದು ನಾ ಜಗ್ತೇನ್ರಿ. ನಾ ಜಗ್ಗಿದಷ್ಟ ಕಂಬಾನೂ ಜಗ್ತೈತಿ. ಕಂಬದ ಬದ್ಲಿ ನಮ್ಮ ಮನಿಯವ್ರು ಅಷ್ಟ ಜೋರಿಲೆ ಜಗ್ಗಿದ್ರ ಬಿಗಿ ಎರಡ್ಪಟ್ಟು ಆಗ್ತೈತೇನ್ರಿ?"

ಅವರನ್ನು ಹೆಡ್‌ಮಾಸ್ತರರ ಕೋಣೆಗೆ ಕರೆದೊಯ್ದು, ಹಗ್ಗದ ಎರಡು ತುದಿಗೂ ನಡುವಿಗೂ ಒಂದೊಂದು ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿದೆ. ತುದಿಯ ಎರಡೂ ತಕ್ಕಡಿ ಐವತ್ತು ತೋರಿಸುವಷ್ಟು ಆಚೆಯಿಂದ ಆ ತಾಯಿ, ಈಚೆಯಿಂದ ನಾನು ಜಗ್ಗಿದೆವು. ನಡುವಿನದೂ ಐವತ್ತಕ್ಕೇ ನಿಂತಿತು.

ಹೆಡ್‌ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ನಡುವಿನ ತಕ್ಕಡಿ ಕೆಟ್ಟೈತ್ರಿ. ಹೊಸಾದು ತರ್ಸೂಣು."

ನಾನು "ಹೂಂ ಸರ್" ಎಂದೆ. ಹೌದು, ಹಾಗೇ ಎಂದೆ.

ಆ ತಾಯಿ ಹಗ್ಗ ಮೇಜಿನ ಮೇಲಿಟ್ಟರು. "ನಾ ಐವತ್ತು ಜಗ್ಗಿ ನೂರು ಅಂತ ತಿಳ್ಕೊಂಡಿದ್ರ ಇಷ್ಟೊತ್ತಿಗೆ ಬಳ್ಳಿ ನೆಲಕ್ಕ ಬಿದ್ದಿರ್ತಿದ್ವು ಸರ" ಎಂದು ನನ್ನ ಕಡೆಯೇ ನೋಡಿ ಹೇಳಿ ಹೋದರು.

ಹೊಸ ತಕ್ಕಡಿ ಬಂದಿದೆ. ನಮ್ಮ ದುರದೃಷ್ಟ, ಅದೂ ಕೆಟ್ಟದ್ದೇ.